ಕಂಪೌಂಡರ್ ಕಾಕಾನ ಕೈ

ಅಂಗೈ ಉದ್ದದ ಕಾಗದದ ಪಟ್ಟಿಯನ್ನು ಮೂರು ಸಲ ಮಡಚಿ, ಮಡಿಕೆಯ ಮೂಲೆಗಳನ್ನು ಕತ್ತರಿಸಿ ಬಿಡಿಸಿದರೆ ಅದರ ಎರಡೂ ಅಂಚಿಗೆ ಹಲ್ಲು ಮೂಡುತ್ತವೆ. ಔಷಧಿ ಬಾಟಲಿಗೆ ಅದನ್ನು ಅಂಟಿಸಿದರೆ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಡೋಸು. ಓದು ಬರದವರಿಗೂ ಅಳತೆ ತಪ್ಪುವುದಿಲ್ಲ. ಮೂಡಲಗಿಯಲ್ಲಿ ನಾನು ಡಾಕ್ಟರಾಗಿದ್ದ ಸಣ್ಣ ದವಾಖಾನೆಯಲ್ಲಿ ನಮ್ಮ ಕಂಪೌಂಡರು ಇಂಥ ಪಟ್ಟಿಗಳನ್ನು ಕೈ ನೋಡದೆ ಕತ್ತರಿಸುತ್ತಿದ್ದರು. ಕಣ್ಣು ಸಾಲಿನಲ್ಲಿ ನಿಂತವರ ಮೇಲೆ, ಬಾಯಿ ಅವರ ಜೊತೆ ಜಗಳದಲ್ಲಿ.

ಒಂದು ಗುರುವಾರ ಅವರು ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದನ್ನು ನಾನು ಕಂಡೆ. ಎಡಗೈಯಲ್ಲಿ ಕಾಗದ, ಬಲಗೈಯಲ್ಲಿ ಕತ್ತರಿ. ಕತ್ತರಿ ಗಾಳಿಯಲ್ಲಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಎರಡು ಕೈಗಳು ಒಂದನ್ನೊಂದು ಸಂಧಿಸುತ್ತಿರಲಿಲ್ಲ.

ಈ ಸಂಗತಿಯನ್ನು ನಾನು ಹಿಂದೆ ಎರಡು ಸಲ ಬರೆದಿಟ್ಟಿದ್ದೆ. ಎರಡರಲ್ಲೂ, ಕತ್ತರಿ ಕಂಡ ಕ್ಷಣವೇ ನನಗೆ ಇದು ರೋಗವೆಂಬ ಅನುಮಾನ ಬಂದಿದೆ. ಅದು ಸುಳ್ಳು. ನನಗೆ ಬಂದದ್ದು ಸ್ಪಿರಿಟ್ಟಿನ ವಾಸನೆ.

ಆಗಿನ್ನೂ ನಾವು ಮುಂಬೈ ರಾಜ್ಯದಲ್ಲಿದ್ದೆವು, ಪಾನನಿಷೇಧ ಜಾರಿಯಲ್ಲಿತ್ತು. ದವಾಖಾನೆಯ ಸ್ಪಿರಿಟ್ಟು ಬೀಗದ ಕಪಾಟಿನಲ್ಲಿರುತ್ತಿತ್ತು. ಪ್ರತಿ ಔನ್ಸಿಗೂ ಒಂದು ಸಾಲು ಬರೆಯಬೇಕಿತ್ತು. ಸಿರಿಂಜು ಕುದಿಸುವ ದೀಪಕ್ಕೆ ಎಷ್ಟು, ಗಾಯಕ್ಕೆ ಎಷ್ಟು ಎಂದು. ಆ ತಿಂಗಳು ನಾಲ್ಕು ಔನ್ಸು ತಾಳೆಯಾಗುತ್ತಿರಲಿಲ್ಲ. ಕಪಾಟಿನ ಕೀಲಿ ಇದ್ದದ್ದು ನನ್ನ ಹತ್ತಿರ ಮತ್ತು ಕಂಪೌಂಡರ ಹತ್ತಿರ.

ಎರಡು ವಾರಗಳಿಂದ ಅವರ ಕೆಲಸ ಕೆಟ್ಟಿತ್ತು. ಬೂಚು ತೆಗೆಯದೆ ಬಾಟಲಿ ಬಗ್ಗಿಸುವುದು. ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯನ್ನು ಪೆಟ್ಟಿಗೆಗೆ ಗೀರುವುದು, ಬೆಂಕಿ ಬರಲಿಲ್ಲವೆಂದು ಇನ್ನೂ ಜೋರಾಗಿ ಗೀರುವುದು. ಪುಡಿಯನ್ನು ಹನ್ನೆರಡು ಪಾಲು ಮಾಡಿಟ್ಟು, ಪೊಟ್ಟಣ ಮಡಚುವ ಹೊತ್ತಿಗೆ ಕೈಯಿಂದ ಎಲ್ಲವನ್ನೂ ಒಂದೇ ರಾಶಿಗೆ ಸವರಿಬಿಡುವುದು. ಅವರ ಮುಷ್ಟಿ ಗಟ್ಟಿಯಿತ್ತು, ಮಾತು ಸ್ಪಷ್ಟವಿತ್ತು, ಬಾಯಿ ಸೊಟ್ಟಾಗಿರಲಿಲ್ಲ. ಪಾರ್ಶ್ವವಾಯುವೆಂದರೆ ನನ್ನ ತಲೆಯಲ್ಲಿದ್ದದ್ದು ಬಿದ್ದುಹೋದ ಕೈ, ಎಳೆಯುವ ಕಾಲು. ಇವರಿಗೆ ಅದ್ಯಾವುದೂ ಇರಲಿಲ್ಲ.

ಆ ಗುರುವಾರ ಸಾಲಿನಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಹೆಂಗಸೊಬ್ಬಳು ಬೇಸತ್ತು, "ಕಾಕಾ, ಕೂಸು ದೊಡ್ಡದಾಗಿ ಸಾಲಿ ಕಲಿಯಾಕ ಹೋಗೂದ್ರಾಗ ಔಷಧ ಕೊಡ್ತೀರಿ?" ಎಂದಳು.

ಅವಳ ಹಿಂದಿದ್ದವನು, "ಸುಮ್ಮನಿರವಾ, ಕಾಕಾ ಮುಂಜಾನೇನ ಏರ್ಸ್ಯಾರ. ಇಳೀಲಿ, ಕೊಡ್ತಾರ" ಎಂದ.

ಸಾಲಿಗೆ ಸಾಲೇ ನಕ್ಕಿತು. ಕಂಪೌಂಡರು ನಗಲಿಲ್ಲ, ಬೈಯಲೂ ಇಲ್ಲ. ಬೈಯದಿದ್ದದ್ದೇ ನನಗೆ ತಪ್ಪೊಪ್ಪಿಗೆಯಂತೆ ಕಂಡಿತು. ಹತ್ತಿರ ಹೋದೆ. ಅವರ ಅಂಗಿಯ ಮುಂಭಾಗ ಸ್ಪಿರಿಟ್ಟಿನಿಂದ ಘಮ್ಮೆನ್ನುತ್ತಿತ್ತು.

"ಕಾಕಾ, ಏನಿದು?"

"ದೀಪಕ್ಕ ಹಾಕೂಮುಂದ ಚೆಲ್ಲೇತ್ರಿ, ಸಾಹೇಬ್ರ."

"ದಿನಾ ಚೆಲ್ಲತೈತೇನು?"

ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಅವರ ಬಾಯಿಯ ಹತ್ತಿರ ಮೂಗು ಒಯ್ದು ನೋಡುವುದು ನನಗೆ ಸುಲಭವಿತ್ತು. ನಾನು ನೋಡಲಿಲ್ಲ. ಸಂಕೋಚವೆಂದು ಬಹಳ ವರ್ಷ ಹೇಳಿಕೊಂಡೆ. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು ನಾನು, ಕೈಬರಹ ಓದಲಾಗದ ಚೀಟಿ ಬರೆಯುವುದನ್ನು ಬಿಟ್ಟರೆ ಈ ಕೆಲಸವನ್ನೆಲ್ಲ ಅವರಿಂದಲೇ ಕಲಿತವನು. ಆದರೆ ಮಧ್ಯಾಹ್ನ ಬೆಳಗಾವಿಯ ದೊಡ್ಡ ಸಾಹೇಬರಿಗೆ ವರದಿ ಬರೆಯುವಾಗ ಆ ಸಂಕೋಚ ಎಲ್ಲೂ ಇರಲಿಲ್ಲ. "ಕೆಲಸದ ವೇಳೆಯಲ್ಲಿ ಮದ್ಯದ ಅಮಲು" ಎಂದೇ ಬರೆದೆ. ಅದನ್ನು ಸಂಜೆಯ ಗೋಕಾಕ ಬಸ್ಸಿನ ಟಪಾಲಿಗೆ ಹಾಕಿಸಿದೆ. ಆ ಆರೋಪ ನಿಂತರೆ ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸು, ಕೋರ್ಟು, ಜೈಲು. ಅದು ಗೊತ್ತಿದ್ದೇ ಬರೆದೆ.

ಶುಕ್ರವಾರ ಬೆಳಿಗ್ಗೆ ಅವರು ಎಂದಿನಂತೆ ತಮ್ಮ ಊರು ಕಲ್ಲೋಳಿಯಿಂದ ಸೈಕಲ್ ಮೇಲೆ ಬಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ದವಾಖಾನೆಯ ಮುಂದಿನ ಚರಂಡಿಗೆ ಒಂದೇ ಒಂದು ಹಾಸುಗಲ್ಲು. ಎತ್ತಿನ ಬಂಡಿಯೊಂದು ಅಡ್ಡ ಬಂದಿತು. ಅವರು ತಪ್ಪಿಸಿ, ಆ ಕಲ್ಲಿನ ಮೇಲೆ ಗಾಲಿ ಹಾಯಿಸಿ, ಇಳಿದು, ಗೋಡೆಗೆ ಸೈಕಲ್ ಆನಿಸಿದರು. ನನಗೆ ಆಗ ಕಸಿವಿಸಿಯಾಯಿತು. ಕುಡಿದವನಿಗೆ ಮೊದಲು ಹೋಗುವುದು ಕಾಲು, ತೂಕ. ಇವರ ಕಾಲು ಸರಿಯಿತ್ತು. ಒಳಗೆ ಬಂದು ಅಂಗಿಯ ಮೇಲೆ ಕೋಟು ಹಾಕಲು ಹೋದವರು ತೋಳಿನೊಳಗೆ ಕಾಲು ಹಾಕುವವರಂತೆ ಬಗ್ಗಿ, ನನ್ನನ್ನು ಕಂಡು, ಕೋಟನ್ನು ಮೊಳೆಗೆ ತೂಗುಹಾಕಿದರು.

ಶನಿವಾರ ಬೆಳಕು ಹರಿಯುತ್ತಲೇ ನಾನು ಕಲ್ಲೋಳಿಗೆ ಹೋದೆ. ವರದಿಯ ಸಂಗತಿ ಅವರಿಗೆ ನಾನೇ ಹೇಳಬೇಕೆಂಬುದು ನೆಪ. ನಿಜವಾಗಿ ಏನು ಹುಡುಕಿಕೊಂಡು ಹೋದೆ ಎಂಬುದು ಈಗಲೂ ಗೊತ್ತಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕಟ್ಟೆ ಸಾರಿಸುತ್ತಿದ್ದವರು ಎದ್ದು ನಿಂತು, ಕೈ ತೊಳೆಯದೆ ನನ್ನ ಮಾತು ಕೇಳಿದರು. ಕೇಳಿ ಮುಗಿದ ಮೇಲೆ ಧ್ವನಿ ಏರಿಸದೆ ಹೇಳಿದರು:

"ಲಿಂಗಾ ಕಟ್ಟಿದ ಕೊರಳ್ರಿ ಅದು. ನಿಮ್ಮ ಬಾಟ್ಲಿಗಿ ಬಾಯಿ ಹಚ್ಚತೈತೇನ್ರಿ? ಹಂಗ ಬರಿಯಾಕ ನಿಮಗ ಕೈಯರ ಹ್ಯಾಂಗ ಬಂತು?"

"ಮತ್ತ ಏನಾಗೇತಿ ಕಾಕು?"

ಅವರು ಒಳಗಿನ ಕಡೆ ನೋಡಿ ಧ್ವನಿ ತಗ್ಗಿಸಿದರು. "ಹದಿನೈದ ದಿನಾ ಆತು. ಮುಂಜಾನೆ ಎದ್ದವ್ರ ತಲಿ ತಿರಗತೈತಿ ಅಂತ ಮತ್ತ ಮಲಗಿದ್ರು. ಎದ್ದಮ್ಯಾಲಿಂದ ಹಿಂಗ. ಧೋತರಾ ನಾನ ಉಡಸ್ತೇನಿ. ಚಹಾದ ಬಸಿ ಹಿಡ್ಯಾಕ ಬರವಲ್ದು. ಒಮ್ಮೊಮ್ಮೆ ಬರತೈತಿ, ಒಮ್ಮೊಮ್ಮೆ ಬರವಲ್ದು. ನಿಮಗ ಹೇಳಬ್ಯಾಡ ಅಂದಾರ. ನೌಕರಿ ಹೋಗತೈತೆಲ್ಲ."

ಒಳಗೆ ಕಾಕಾ ಪೂಜೆಗೆ ಕುಳಿತಿದ್ದರು. ನಾನು ಹೊಸ್ತಿಲಲ್ಲಿ ನಿಂತೆ. ಅವರಿಗೆ ನಾನು ಬಂದದ್ದು ಗೊತ್ತಿರಲಿಲ್ಲ. ವಿಭೂತಿಯ ಗಟ್ಟಿಗೆ ನೀರು ಮುಟ್ಟಿಸಿ, ಮೂರು ಬೆರಳಿಗೆ ಹಚ್ಚಿ, ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದರು. ಮೂರು ಗೆರೆ, ನೂಲು ಹಿಡಿದಂತೆ. ತೋಳಿಗೆ, ಎದೆಗೆ. ಕೊರಳಿನ ಕರಡಿಗೆ ಬಿಚ್ಚಿ, ಅರಿವೆಯ ಗಂಟು ಬಿಡಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆದರು, ಒರೆಸಿದರು, ಪತ್ರಿ ಏರಿಸಿದರು. ಬೂಚು ತೆಗೆಯಲು ಬಾರದ ಬೆರಳುಗಳು ಒಂದು ಹನಿ ಚೆಲ್ಲಲಿಲ್ಲ. ಮುಗಿಸಿ, ಗಂಟು ಕಟ್ಟಿ, ಕರಡಿಗೆಯ ಮುಚ್ಚಳ ಒತ್ತಿದರು. ಟಕ್ ಎಂದು ಸಣ್ಣ ಸದ್ದಾಯಿತು.

ನಾನು ಆಮೇಲೆ ಮಾಡಿದ್ದನ್ನು ವೈದ್ಯನಾಗಿ ಮಾಡಿದೆ. ಮತ್ತೆ ಮಾಡಬೇಕಾಗಿ ಬಂದರೆ ಮಾಡುತ್ತೇನೆಯೇ? ಹೇಳಲಾರೆ.

"ಕಾಕಾ, ಈಗ ವಿಭೂತಿ ಹಚ್ಚಿಕೊಂಡ್ರೆಲ್ಲ, ಹ್ಯಾಂಗ ಹಚ್ಚಿದ್ರಿ? ಸುಮ್ಮನ ಕೈಯಿಂದ ತೋರಸ್ರಿ."

ಅವರು ಬಲಗೈ ಎತ್ತಿದರು. ಕೈ ಕಿವಿಯ ಬಳಿ ಹೋಯಿತು. ಅಲ್ಲಿಂದ ತಲೆಯ ಮೇಲೆ ಹೋಗಿ ಅಂಗೈ ಚಪ್ಪಟೆಯಾಗಿ ಕುಳಿತಿತು. ಇಳಿಸಿದರು. ಮತ್ತೆ ಎತ್ತಿದರು, ಮುಷ್ಟಿಯಾಗಿ ಗಲ್ಲಕ್ಕೆ ತಾಗಿತು. ಎಡಗೈಯಿಂದ ಮಾಡಿರೆಂದೆ, ಅದೂ ಹಾಗೆಯೇ. ನಾನು ಮಾಡಿ ತೋರಿಸಿದೆ. ಅವರು ನನ್ನ ಬೆರಳುಗಳನ್ನೇ ನೋಡುತ್ತ ಅರ್ಧ ಸರಿ ಮಾಡಿದರು, ಅರ್ಧ ತಪ್ಪಿದರು. ಬೆವೆತುಹೋಗಿದ್ದರು.

"ಗೊತ್ತೈತ್ರಿ ಸಾಹೇಬ್ರ. ಬಾಯಿಲೆ ಹೇಳಂದ್ರ ಹೇಳ್ತೇನಿ. ಕೈ ಮಾತ ಕೇಳವಲ್ದು" ಎಂದರು.

ವಿದ್ಯಾರ್ಥಿಯಾಗಿದ್ದಾಗ ಇಂಥದೊಂದನ್ನು ಓದಿದ ಮಸುಕು ನೆನಪು. ಆ ಪುಸ್ತಕ ಹುಕ್ಕೇರಿಯಲ್ಲಿ ಅಕ್ಕನ ಮನೆಯ ಟ್ರಂಕಿನಲ್ಲಿತ್ತು. ಭಾನುವಾರ ಬಸ್ಸು ಹಿಡಿದೆ. ಗೋಕಾಕದಲ್ಲಿ ಬಸ್ಸು ಬದಲಿಸಲು ಒಂದು ತಾಸು ಕಾಯಬೇಕಿತ್ತು. ಎದುರಿಗೆ ಕರದಂಟಿನ ಅಂಗಡಿ. ಅಲ್ಲಿ ಕಟ್ಟು ಕಟ್ಟುವವನೊಬ್ಬ ಕಾಗದ ಮಡಚಿ, ದಾರ ಸುತ್ತಿ, ಹರಿದು, ಒಗೆಯುತ್ತಿದ್ದ. ನಮ್ಮ ಕಾಕಾನ ಹಳೆಯ ಕೈಯೇ ಅದು. ನಾನು ಹತ್ತಿರ ನಿಂತು ದಿಟ್ಟಿಸಿದೆ. ಒಂದು ನಿಮಿಷದಲ್ಲಿ ಅವನ ದಾರ ಸಿಕ್ಕಾಯಿತು.

"ಹಿಂಗ್ಯಾಕ ನೋಡಾಕತ್ತೀರ್ರೀ? ನೋಡಿದ್ರ ಗಂಟ ತಪ್ಪತೈತಿ. ಕರದಂಟ ಬೇಕಂದ್ರ ತಗೋರಿ, ಇಲ್ಲಾಂದ್ರ ಆ ಕಡೆ ಬಸ್ಸ ನೋಡ್ರಿ."

ಅರ್ಧ ಸೇರು ಕರದಂಟು ಕಟ್ಟಿಸಿಕೊಂಡೆ. ಅವನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಥವಾ ಅರ್ಧ ಕೇಳಿಸಿಕೊಂಡೆ.

ಪುಸ್ತಕದಲ್ಲಿ ಆ ರೋಗಕ್ಕೆ ಎರಡು ಪ್ಯಾರಾ ಇದ್ದವು. ಏಪ್ರಾಕ್ಸಿಯಾ. ಕೈಗೆ ಶಕ್ತಿ ಇದೆ, ಸ್ಪರ್ಶವಿದೆ, ಹೇಳಿದ್ದು ತಿಳಿಯುತ್ತದೆ. ಆದರೆ ಕಲಿತ ಚಲನೆಗಳನ್ನು ಬೇಕೆಂದಾಗ ಜೋಡಿಸಲಾಗುವುದಿಲ್ಲ. ಸಾಮಾನ್ಯವಾಗಿ ಮೆದುಳಿನ ಎಡಭಾಗಕ್ಕೆ ಆದ ಗಾಯ. ಅದೇ ಚಲನೆ ತನ್ನ ಹೊತ್ತಿಗೆ, ತನ್ನ ಜಾಗದಲ್ಲಿ, ತಾನಾಗಿ ಬರಬಹುದು. ಚಿಕಿತ್ಸೆಯ ಬಗ್ಗೆ ಅರ್ಧ ಸಾಲಷ್ಟೇ ಇತ್ತು: ಕೆಲವರಲ್ಲಿ ಅಭ್ಯಾಸದಿಂದ ಸ್ವಲ್ಪ ಸುಧಾರಣೆ.

ಆ ಅರ್ಧ ಸಾಲನ್ನು ಹಿಡಿದುಕೊಂಡು ಮೂಡಲಗಿಗೆ ಮರಳಿದೆ. ಗುರುವಾರ ವಿಚಾರಣೆಗೆ ಬೆಳಗಾವಿಯಿಂದ ಅಧಿಕಾರಿಯೊಬ್ಬರು ಬರುತ್ತಾರೆಂದು ಕಾಗದ ಬಂದಿತ್ತು. ಕಂಪೌಂಡರಿಗೆ ಎಲ್ಲ ವಿವರಿಸಿದೆ. ಅವರು ಕೇಳಿದ್ದು ಒಂದೇ:

"ಕುಡದಾನ ಅಂತ ಬರದ್ರ ಜೈಲು. ಕೈ ಹೋಗೇತಿ ಅಂತ ಬರದ್ರ ಮನಿ. ಎರಡರಾಗ ಯಾವದು ಕೊಡ್ತೀರಿ?"

"ಮೂರನೇದ ನೋಡೂಣು, ಕಾಕಾ."

ಮೂರನೆಯದೆಂದರೆ ಇದು: ಅವರ ಕೈಗೆ ಆಜ್ಞೆ ಬೇಡ, ದಾರಿ ಬೇಕು. ಬಾಟಲಿಗಳನ್ನು ಕೆಲಸದ ಕ್ರಮಕ್ಕೆ ಸರಿಯಾಗಿ ಎಡದಿಂದ ಬಲಕ್ಕೆ ಜೋಡಿಸಿದೆ. ಖಾಲಿ ಬಾಟಲಿ, ಕಫದ ಔಷಧಿಯ ಗಟ್ಟಿ ದ್ರಾವಣ, ಅಳತೆಯ ಗ್ಲಾಸು, ಕೊನೆಗೆ ಕುದಿಸಿ ಆರಿಸಿದ ನೀರು. ಏನು ಮಾಡಬೇಕೆಂದು ಹೇಳುವುದನ್ನು ಬಿಟ್ಟು ಮೊದಲ ವಸ್ತುವನ್ನು ಅವರ ಕೈಗೆ ಕೊಡುತ್ತಿದ್ದೆ. ಆಮೇಲೆ ಬೇರೆ ಕಡೆ ನೋಡುತ್ತಿದ್ದೆ. ಸಾಲಿನಲ್ಲಿದ್ದವರ ಜೊತೆ ಜಗಳ ಹಚ್ಚುತ್ತಿದ್ದೆ. ಅವರು ಜಗಳದಲ್ಲಿ ಮುಳುಗಿದರೆ ಕೈ ಹಳೆಯ ದಾರಿ ಹಿಡಿಯುತ್ತಿತ್ತು. ಸೋಮವಾರ ಮಧ್ಯಾಹ್ನ ಹನ್ನೆರಡು ಪೊಟ್ಟಣ ಮಡಚಿದರು. ಹನ್ನೆರಡೂ ಸರಿ. ಇಬ್ಬರೂ ಉಳಿದ ಕರದಂಟು ತಿಂದೆವು.

ಮಂಗಳವಾರ ಕಾಕು ದವಾಖಾನೆಗೆ ಬಂದರು. ಗಂಡ ಒಳಗಿದ್ದಾಗ ನನ್ನನ್ನು ಹೊರಗೆ ಮರದ ಕೆಳಗೆ ಕರೆದರು.

"ಸಾಹೇಬ್ರ, ಎರಡ ದಿನಾ ಆತು, ಪೂಜಾಕ್ಕ ಕುಂತ್ರ ಕೈ ಹಣಿ ಮುಂದ ನಿಂದರತೈತಿ. ಇಷ್ಟ ದಿನಾ ಹಿಂಗ ಆಗಿದ್ದಿಲ್ಲ. ನೀವು ತೋರಸ್ರಿ ಅಂದ್ರೆಲ್ಲ, ಅವತ್ತಿನಿಂದ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕು."

"ಇಲ್ಲರ್ಯಾ?" ಎಂದರು. ಅವರು ನಿಜಕ್ಕೂ ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಎರಡು ಪ್ಯಾರಾದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ರೋಗವೇ ಮುಂದುವರಿದಿರಬಹುದು. ತಾನಾಗಿ ನಡೆಯುತ್ತಿದ್ದ ಕೈಗೆ, ನಿನ್ನನ್ನು ನೋಡುತ್ತಿದ್ದಾರೆ ಎಂದು ನಾನೇ ಹೇಳಿಕೊಟ್ಟಿರಬಹುದು. ಗೋಕಾಕದ ದಾರ ಆಗ ನೆನಪಾಯಿತು.

ಬುಧವಾರ ಸಾಲು ದೊಡ್ಡದಿತ್ತು. ಕಾಕಾ ಲಹರಿಯಲ್ಲಿದ್ದರು. ಯಾರನ್ನೋ "ನಿಮ್ಮಪ್ಪಗೂ ನಾನ ಔಷಧ ಕೊಟ್ಟೇನಿ, ನೀ ನನಗ ಅವಸರ ಮಾಡ್ತಿ?" ಎಂದು ಗದರಿಸುತ್ತ ಕಫದ ಔಷಧಿಯ ಬಾಟಲಿ ತುಂಬಿ, ಹಲ್ಲಿನ ಪಟ್ಟಿ ಅಂಟಿಸಿ, ಅದೇ ಕೂಸಿನ ತಾಯಿಯ ಕೈಗೆ ಕೊಟ್ಟರು. ಅವಳು ನನ್ನ ಮೇಜನ್ನು ಹಾಯ್ದು ಹೋಗುವಾಗ ನನಗೆ ಕಾರ್ಬಾಲಿಕ್ ವಾಸನೆ ಬಡಿಯಿತು. ಬಾಟಲಿ ಕಸಿದುಕೊಂಡೆ. ಗಾಯ ತೊಳೆಯುವ, ಕುಡಿದರೆ ವಿಷವಾದ ಕಾರ್ಬಾಲಿಕ್ ದ್ರಾವಣ, ಅರ್ಧ ಬಾಟಲಿ, ನೀರಿನ ಬದಲಿಗೆ.

ಅದು ನೀರಿನ ಬಾಟಲಿಯ ಜಾಗದಲ್ಲಿತ್ತು. ಕಾಕಾನ ಕೈ ದಾರಿ ತಪ್ಪಿರಲಿಲ್ಲ; ನಾನು ಹಾಕಿಕೊಟ್ಟ ದಾರಿಯಲ್ಲೇ ಹೋಗಿತ್ತು. ಕೊನೆಯ ಬಾಟಲಿ ಎತ್ತು, ತುಂಬು. ಅಲ್ಲಿ ಅದನ್ನು ಇಟ್ಟವರು ಯಾರು? ನನ್ನ ಮೊದಲ ಬರಹದಲ್ಲಿ ಅವರು. ಎರಡನೆಯದರಲ್ಲಿ, ಬೆಳಿಗ್ಗೆ ಬ್ಯಾಂಡೇಜು ಕಟ್ಟಿ ಬಂದ ನಾನು. ಎರಡೂ ಚಿತ್ರ ನನಗೆ ಒಂದೇ ಸ್ಪಷ್ಟತೆಯಿಂದ ಕಾಣುತ್ತವೆ. ಬಾಟಲಿಯ ಬಣ್ಣ, ಕಿಟಕಿಯ ಬಿಸಿಲು, ಎಲ್ಲವೂ. ಆದ್ದರಿಂದ ಎರಡನ್ನೂ ನಂಬುವುದಿಲ್ಲ. ನಂಬಬಹುದಾದದ್ದು ಇಷ್ಟು: ಕೂಸು ಅದನ್ನು ಕುಡಿಯಲಿಲ್ಲ. ಕಾಕಾ ಬಾಟಲಿ ಮೂಸಿ ನೋಡಿ, ಸ್ಟೂಲಿನ ಮೇಲೆ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಆ ಮಧ್ಯಾಹ್ನ ನಾನು ನಿರ್ಧರಿಸಿದೆ. ಅಲ್ಲಿಯವರೆಗೆ ನನ್ನ ಯೋಜನೆ ಬೇರೆಯಿತ್ತು. ಸ್ಪಿರಿಟ್ಟು ಚೆಲ್ಲಿತ್ತು, ನಾನು ತಪ್ಪು ತಿಳಿದೆ ಎಂದು ವರದಿಯನ್ನು ಹಿಂತೆಗೆದುಕೊಂಡು ರೋಗದ ಮಾತೆತ್ತದೆ ಉಳಿಸಿಕೊಳ್ಳುವುದು. ಈಗ ಅದು ಆಗುವಂತಿರಲಿಲ್ಲ. ಅವರಿಗೆ ಹೇಳಿದೆ: ಕುಡಿದಿಲ್ಲವೆಂದೂ ಬರೆಸುತ್ತೇನೆ, ಕೈಯ ವಿಷಯವನ್ನೂ ಹೇಳುತ್ತೇನೆ.

"ಹೇಳ್ರಿ" ಎಂದರು. "ಕೂಸಿನ ಹೆಸರಲೆ ಹೇಳ್ರಿ."

"ಆದರ ಸಾಹೇಬ್ರು ನಂಬಬೇಕಲ್ಲ, ಕಾಕಾ. ಅವರ ಮುಂದ ಒಮ್ಮೆ ಪೂಜಾ ಮಾಡಿ ತೋರಸ್ತೀರಿ? ಆಮ್ಯಾಲೆ ನಾ ಬರೇ ಕೈಯಿಂದ ಮಾಡ್ರಿ ಅಂತೇನಿ. ಮಾಡಾಕ ಬರೂದಿಲ್ಲ. ಫರಕ ಅವರಿಗೇ ತಿಳೀತೈತಿ."

ಕಾಕು ಮಂಗಳವಾರ ಹೇಳಿದ್ದನ್ನು ಮರೆತವನಂತೆ ಕೇಳಿದ್ದೆ. ಅವರು ಸ್ಟೂಲಿನಿಂದ ಎದ್ದರು. ಸಿಟ್ಟಿರಲಿಲ್ಲ.

"ಅದು ತೋರಸೂದಲ್ರಿ. ಜೈಲಿಗಿ ಕಳಸ್ತೇನಂದ್ರೂ ಅದನ್ನ ತೋರಸಾಂಗಿಲ್ಲ. ಉಳದಿದ್ದ ಅದೊಂದ ಐತಿ."

ಗುರುವಾರ ಅಧಿಕಾರಿ ಜೀಪಿನಲ್ಲಿ ಬಂದರು. ಖಡಕ್ ಇಸ್ತ್ರಿಯ ಮನುಷ್ಯ; ಮರಾಠಿ ಬೆರೆತ ಕನ್ನಡ. ಕಂಪೌಂಡರ ಬಾಯಿ ಮೂಸಿದರು. ನಾನು ವಾರದ ಹಿಂದೆ ಮಾಡದಿದ್ದ ಕೆಲಸ. ಪೊಟ್ಟಣ ಕಟ್ಟಿ ತೋರಿಸೆಂದರು. ಕಾಕಾ ಕಾಗದವನ್ನು ತಿರುಗಿಸಿದರು, ಮಗುಚಿದರು, ಮುದ್ದೆ ಮಾಡಿದರು. ಸಲಾಮು ಮಾಡೆಂದರು. ಕೈ ಹೊಟ್ಟೆಯ ಮೇಲೆ ಹೋಯಿತು.

"ಹೇ ನಾಟಕ ಆಹೆ" ಎಂದರು ಅಧಿಕಾರಿ. "ಕೆಲಸ ಬ್ಯಾಡಾಗೇತಿ, ನಾಟಕ ಹಚ್ಚ್ಯಾನ. ಮೂವತ್ತ ವರ್ಷ ಪೊಟ್ಟಣಾ ಕಟ್ಟಿದವಗ ಒಂದ ಮುಂಜಾನ್ಯಾಗ ಮರೀತೈತೇನ್ರಿ, ಡಾಕ್ಟರ?"

ನಾನು ಪುಸ್ತಕ ತೆರೆದಿಟ್ಟೆ. ಅವರು ಓದಲಿಲ್ಲ. ಆಗ ನನಗೆ ಚರಂಡಿಯ ಹಾಸುಗಲ್ಲು ನೆನಪಾಯಿತು. ಕಂಪೌಂಡರನ್ನು ಹೊರಗೆ ಕರೆದೆ. ಏನನ್ನೂ ತೋರಿಸಿರೆಂದು ಹೇಳಲಿಲ್ಲ. "ಕಾಕಾ, ಬರೇ ತ್ರಾಸ ಆತು. ಮನಿಗಿ ಹೋಗ್ರಿ, ನಡೀರಿ" ಎಂದೆ.

ಅವರು ಸೈಕಲ್ ತೆಗೆದುಕೊಂಡು, ಎಡಗಾಲು ಪೆಡಲಿನ ಮೇಲಿಟ್ಟು, ಎರಡು ಸಲ ಕುಪ್ಪಳಿಸಿ ಏರಿದರು. ಕಲ್ಲಿನ ಮೇಲೆ ಹಾಯ್ದರು. ಜೀಪು ಮತ್ತು ಗೋಡೆಯ ನಡುವಿನ ಮೊಳದಗಲದ ಸಂದಿಯಲ್ಲಿ ನುಗ್ಗಿ ರಸ್ತೆಗಿಳಿದರು. ಅಧಿಕಾರಿ ಮೆಟ್ಟಿಲ ಮೇಲೆ ನೋಡುತ್ತ ನಿಂತಿದ್ದರು.

"ಥಾಂಬಾ! ನಿಂದ್ರು!" ಎಂದು ಕೂಗಿದರು. ಕಾಕಾ ಇಳಿದು, ತಳ್ಳಿಕೊಂಡು ಹಿಂದೆ ಬಂದರು. "ಈಗ ಹ್ಯಾಂಗ ಏರಿದಿ? ಇನ್ನೊಮ್ಮೆ ಏರಿ ತೋರಸು."

ಕಾಕಾ ಸೈಕಲ್ಲಿನ ಪಕ್ಕ ನಿಂತರು. ಬಲಗಡೆ ಬಂದರು, ಎಡಗಡೆ ಹೋದರು. ಹ್ಯಾಂಡಲ್ಲಿನ ಬದಲು ಸೀಟು ಹಿಡಿದರು. ಒಂದು ಕಾಲನ್ನು ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ, ಹಾಗೆಯೇ ನಿಂತರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಅಧಿಕಾರಿ ನೋಡಿದರು. ಅಥವಾ ನಾನು ಮಾತ್ರ ನೋಡಿದೆ. ಅಧಿಕಾರಿ ಒಳಗೆ ಹೋಗಿ ಪುಸ್ತಕದ ಎರಡು ಪ್ಯಾರಾಗಳನ್ನು ನಿಂತುಕೊಂಡೇ ಓದಿದರು.

ಅವರು ಬರೆದದ್ದು ಒಂದು ಸಾಲು: ಮದ್ಯ ಸೇವನೆಯ ಆರೋಪ ಸುಳ್ಳು, ವ್ಯಕ್ತಿ ಸೇವೆಗೆ ಶಾಶ್ವತವಾಗಿ ಅನರ್ಹ. ನಾನು ಓದಿ ಹೇಳಿದಾಗ ಕಾಕಾ, "ಎರಡೂ ಒಂದ ಸಾಲಿನ್ಯಾಗ ಬಂತ್ರ್ಯಾ?" ಎಂದರು. ಕಪಾಟಿನ ಕೀಲಿಯನ್ನು ಸೊಂಟದ ಉಡಿದಾರದಿಂದ ಬಿಚ್ಚಲು ನೋಡಿದರು, ಆಗಲಿಲ್ಲ. ನಾನು ಬಿಚ್ಚಿಕೊಂಡೆ.

ಕೆಲವು ತಿಂಗಳಿಗೆ ನನಗೆ ಹುಕ್ಕೇರಿಗೆ ವರ್ಗವಾಯಿತು. ಹೊರಡುವ ಮುಂಚೆ ಒಂದು ಬೆಳಿಗ್ಗೆ ಕಲ್ಲೋಳಿಗೆ ಹೋದೆ. ಕಾಕು ಬಾಗಿಲಲ್ಲೇ ತಡೆದರು.

"ಪೂಜಾಕ್ಕ ಕುಂತಾರ. ನೀವು ಕಟ್ಟಿಮ್ಯಾಲ ಕುಂದರ್ರಿ. ಈ ಕಡೆ ನೋಡಬ್ಯಾಡ್ರಿ."

ತಾವು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ನಾನು ಓಣಿಗೆ ಮುಖ ಮಾಡಿ ಕುಳಿತೆ. ಒಳಗೆ ನೀರಿನ ಸದ್ದಾಯಿತು, ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕರಡಿಗೆಯ ಮುಚ್ಚಳದ ಟಕ್ ಎನ್ನುವ ಸದ್ದಿಗಾಗಿ ಕಾಯುತ್ತ ಕುಳಿತೆ. ಒಮ್ಮೆ ಬಳೆಯ ಸದ್ದು ಕೇಳಿದಂತಾಯಿತು; ಓಣಿಯಲ್ಲಿ ಯಾರೋ ಕೊಡ ಹೊತ್ತು ಹೋಗುತ್ತಿದ್ದರು, ಅವರದೂ ಇರಬಹುದು. ಕೊನೆಗೆ ಟಕ್ ಎಂದಿತು.

ಕಾಕಾ ಹೊರಗೆ ಬಂದು, "ಯಾವಾಗ ಬಂದ್ರಿ, ಸಾಹೇಬ್ರ? ಚಹಾ ಆತಿಲ್ಲ?" ಎಂದರು. ಹಣೆಯ ಮೇಲೆ ಮೂರು ಗೆರೆ ಇನ್ನೂ ಹಸಿಯಾಗಿದ್ದವು, ನೂಲು ಹಿಡಿದಂತೆ ನೇರ. ಕಾಕು ಅವರ ಹಿಂದೆ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಆ ಗೆರೆ ಎಳೆದದ್ದು ಯಾರ ಬೆರಳೆಂದು ನಾನು ಕೇಳಲಿಲ್ಲ.